ಡೆಬಿಯನ್ ಭಂಡಾರದಲ್ಲಿನ ಒಂದು ಪಾಠದೋಷ

ಗ್ರಂಥಸಂಪಾದನದಲ್ಲಿ ಪರಿಶ್ರಮವುಳ್ಳವರಿಗೆ ಲಿಪಿಕಾರರ ಎರಡು ವರ್ಗಗಳು ವಿದಿತವೇ ಆಗಿವೆ. ತಿಳಿಯದೆ ತಪ್ಪುವವನು ಒಬ್ಬನು. ತಿಳಿದೆನೆಂದು ತಿದ್ದುವವನು ಇನ್ನೊಬ್ಬನು. ಎರಡನೆಯವನಿಂದಾದ ಹಾನಿಯನ್ನು ಕಂಡುಹಿಡಿಯುವುದೇ ಹೆಚ್ಚು ಕಷ್ಟ. ಇದಕ್ಕೆ ಗಣಕಯಂತ್ರಗಳ ಇತಿಹಾಸದಲ್ಲಿಯೂ ಒಂದು ನಿದರ್ಶನವುಂಟು.

ಯುನಿಕ್ಸ್ ಜಾತಿಗೆ ಸೇರಿದ ಡೆಬಿಯನ್ ಎಂಬ ವ್ಯವಸ್ಥೆಯನ್ನು ೧೯೯೩ನೆಯ ಇಸವಿಯಲ್ಲಿ ಇಯಾನ್ ಮರ್ಡಾಕರು ಪ್ರಾರಂಭಿಸಿದರು. ಇದರ ತಂತ್ರಾಂಶಗಳು ಪ್ಯಾಕೇಜುಗಳೆಂಬ ಕಟ್ಟುಗಳಾಗಿ ಒಂದು ಭಂಡಾರದಲ್ಲಿರುತ್ತವೆ. ಪ್ರತಿಯೊಂದು ಕಟ್ಟಿನಲ್ಲಿಯೂ ಅದರ ಆವೃತ್ತಿಸಂಖ್ಯೆಯೂ ಅದು ಅವಲಂಬಿಸುವ ಇತರ ಕಟ್ಟುಗಳ ಹೆಸರುಗಳೂ ಉಕ್ತವಾಗಿರುತ್ತವೆ. ೧೯೯೯ರಲ್ಲಿ ಹೊರಟ ೨.೧ನೆಯ ಆವೃತ್ತಿಯೊಡನೆ ಬಂದ ‘ಆಪ್ಟ್’ ಎಂಬ ಸಾಧನದಿಂದ ಇವುಗಳ ನವೀಕರಣವು ಸುಕರವಾಯಿತು. ಅದರ ‘ಅಪ್‌ಡೇಟ್’ ಆಜ್ಞೆಯು ಭಂಡಾರದ ಹೊಸ ಪಟ್ಟಿಯನ್ನು ಮಾತ್ರ ತರುತ್ತದೆ. ಹಳೆಯ ಕಟ್ಟುಗಳ ಸ್ಥಾನದಲ್ಲಿ ಹೊಸವನ್ನಿಡುವುದು ‘ಅಪ್‌ಗ್ರೇಡ್’. (ಎರಡೂ ಏಕಾರ್ಥಕಗಳಂತೆ ತೋರುವುದರಿಂದ ಮೊದಲನೆಯದರಲ್ಲಿಯೇ ತೃಪ್ತರಾಗಿ ನಿಲ್ಲುವವರುಂಟು.)

೨೦೦೬ರ ಸೆಪ್ಟೆಂಬರಿನಲ್ಲಿ ‘ಓಪನ್‌ಎಸ್‌ಎಸ್‌ಎಲ್’ ಎಂಬ ಕಟ್ಟಿನ ನೂತನ ಪಾಠವೊಂದು ಈ ಭಂಡಾರವನ್ನು ಸೇರಿತು. ಗುಪ್ತವ್ಯವಹಾರಕ್ಕೆ ಬೇಕಾದ ಕೀಲಿಗಳನ್ನು, ಎಂದರೆ ಅನ್ಯರು ಊಹಿಸಲಾರದ ಮಹಾಸಂಖ್ಯೆಗಳನ್ನು, ಹುಟ್ಟಿಸುವುದು ಅದರ ಕೆಲಸಗಳಲ್ಲೊಂದು. ಮೂಲದಲ್ಲಿದ್ದ ಎರಡು ಪಂಕ್ತಿಗಳನ್ನು ‘ವ್ಯಾಲ್‌ಗ್ರೈಂಡ್’ ಎಂಬ ಪರೀಕ್ಷಕಸಾಧನವು ದೋಷಯುಕ್ತವೆಂದು ಶಂಕಿಸಿತ್ತು. ಡೆಬಿಯನ್ನಿನ ಸಂಪಾದಕನು ಅವನ್ನು ನಿಷ್ಕ್ರಿಯಗೊಳಿಸಿದನು. ದುಡುಕಿದನೆನ್ನಲಾಗದು, ಮೂಲದವರನ್ನು ವಿಚಾರಿಸಿಯೇ ಮಾಡಿದ್ದನು. ಆದರೆ ಸಂಖ್ಯೆಗಳನ್ನು ಊಹಾತೀತವಾಗಿಸುವ ಬೀಜವು ಒಳಬರುತ್ತಿದ್ದುದು ಆ ಪಂಕ್ತಿಗಳಲ್ಲೊಂದರ ಮೂಲಕವೇ! ಇನ್ನು ಉಳಿದುದು ನಡೆಯುತ್ತಿರುವ ಕಾರ್ಯಕ್ಕೆ ಯಂತ್ರವು ಕೊಡುವ ಕ್ರಮಸಂಖ್ಯೆಯೊಂದೇ. ಅದರ ಮಿತಿ ಆಗ ಸಾಮಾನ್ಯವಾಗಿ ೩೨,೭೬೮ ಆಗಿತ್ತು. ಒಂದು ಬಗೆಯ ಯಂತ್ರದಲ್ಲಿ ಒಂದು ಪ್ರಮಾಣದ ಕೀಲಿಗಳು ಇಷ್ಟರೊಳಗೇ ಆಗಿ, ಅವೆಲ್ಲವನ್ನೂ ಮೊದಲೇ ಎಣಿಸಿಡುವುದು ಸಾಧ್ಯವಾಯಿತು.

ವಿಚಿತ್ರವೆಂದರೆ, ೨೦೦೫ರ ೩.೧ನೆಯ ಆವೃತ್ತಿಯ ಓಪನ್‌ಎಸ್‌ಎಸ್‌ಎಲ್ ಪಾಠದಲ್ಲಿ ಈ ದೋಷವಿಲ್ಲ, ೨೦೦೭ರ ೪.೦ನೆಯದರಲ್ಲಿ ಉಂಟು. ಕಾಲಕ್ಕೆ ಸರಿಯಾಗಿ ನವೀಕರಿಸಿದವನೇ ಅಪಾಯಕ್ಕೀಡಾದನು. ಹಾಗೆಂದು ನವೀಕರಣವೇ ತ್ಯಾಜ್ಯವೆಂದು ಸಾಧಿಸುವುದು ಯುಕ್ತವಲ್ಲ; ಪರಿಹಾರವೂ ಅದೇ ಮಾರ್ಗದಿಂದ ಬಂದಿತು. ಲೂಚಿಯಾನೋ ಬೆಲ್ಲೊ ಎಂಬವರು ದೋಷವನ್ನು ಕಂಡುಹಿಡಿಯಲಾಗಿ, ೨೦೦೮ರ ಮೇ ೧೩ರಂದು ಡೆಬಿಯನ್ ಅದನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿ ಶುದ್ಧಪಾಠವನ್ನು ಹೊರಡಿಸಿತು.

ಶುದ್ಧಪಾಠ ಬಂದ ಮಾತ್ರಕ್ಕೆ ಅಶುದ್ಧಪಾಠದ ಸಂತಾನವು ಅಳಿಯಲಿಲ್ಲ. ಅದರಿಂದ ಹುಟ್ಟಿದ ಕೀಲಿಗಳು ಇದ್ದಲ್ಲಿಯೇ ಇದ್ದುವು, ದೋಷರಹಿತವಾದ ೩.೧ರ ಯಂತ್ರಗಳಿಗೂ ನಕಲಾಗಿ ಹೋಗಿರಬಹುದಾಗಿತ್ತು. ಅಂಥವನ್ನು ಗುರುತಿಸಿ ನಿರಾಕರಿಸುವುದಕ್ಕಾಗಿ ‘ಓಪನ್‌ಎಸ್‌ಎಸ್‌ಎಚ್-ಬ್ಲ್ಯಾಕ್‌ಲಿಸ್ಟ್’ ಎಂಬ ನಿಷಿದ್ಧಸೂಚಿಯನ್ನು ಹೊಸ ಕಟ್ಟಾಗಿ ಕಳುಹಿಸಿದರು. ಇಲ್ಲೊಂದು ಸೂಕ್ಷ್ಮವಿತ್ತು. ‘ಆಪ್ಟ್-ಗೆಟ್’ ಸಾಧನದ ‘ಅಪ್‌ಗ್ರೇಡ್’ ಆಜ್ಞೆಯು ಇದ್ದ ಕಟ್ಟನ್ನು ಬದಲಿಸುವುದಲ್ಲದೆ ಹಿಂದಿಲ್ಲದ ಕಟ್ಟನ್ನು ತರುತ್ತಿರಲಿಲ್ಲ. ಅದಕ್ಕೆ ‘ಡಿಸ್ಟ್-ಅಪ್‌ಗ್ರೇಡ್’ ಎಂಬ ಬೇರೊಂದು ಆಜ್ಞೆ ಬೇಕಾಗಿತ್ತು. ಇಷ್ಟಾದ ಮೇಲೂ ಹಳೆಯ ಕೀಲಿಯನ್ನು ಬಿಸುಟು ಹೊಸದನ್ನು ಮಾಡಿಕೊಳ್ಳುವ ಕೆಲಸವು ಆಯಾ ಯಂತ್ರದ ಒಡೆಯನ ಪಾಲಿಗೇ ಉಳಿಯಿತು.