ಒಂದು ಚೀಟಿ, ಒಂದು ಸುದ್ದಿ, ಒಂದು ಗೋಡೆ

ಬರ್ಲಿನ್‌ಗೆ ಹೋಗಿದ್ದು ಮೂರೇ ದಿನಕ್ಕೆ. ಮೂರು ದಿನದಲ್ಲಿ ಒಂದು ಊರು ಅರ್ಥವಾಗತ್ತಾ? ಇಲ್ಲ. ಅದಕ್ಕೇ ಜೇಬಲ್ಲಿ ಸಣ್ಣ ನೋಟ್‌ಬುಕ್ ಇಟ್ಟುಕೊಂಡಿದ್ದೆ. ಮೊದಲ ದಿನದ ಪುಟದಲ್ಲಿ ಎಲ್ಲ ಪ್ರವಾಸಿಗರೂ ಬರೆಯೋದೇ ಇದೆ: ಬ್ರಾಂಡೆನ್‌ಬುರ್ಗ್ ಗೇಟ್, ಚೆಕ್‌ಪಾಯಿಂಟ್ ಚಾರ್ಲಿ, ವಿಪರೀತ ಚಳಿ. ಎರಡನೇ ದಿನದ ಪುಟದಲ್ಲಿ ಒಂದೇ ಪ್ರಶ್ನೆ. ಗೋಡೆ ಎಲ್ಲಿ?

1961ರ ಆಗಸ್ಟ್ 13ರಂದು ಮುಳ್ಳುತಂತಿಯಿಂದ ಶುರುವಾದ ಗೋಡೆ ಅದು. ಪಶ್ಚಿಮ ಬರ್ಲಿನ್ನನ್ನು ಸುಮಾರು 155 ಕಿಲೋಮೀಟರ್ ಸುತ್ತುವರಿದಿತ್ತು. ಅಲ್ಲಿ ಕನಿಷ್ಠ 140 ಜನ ಪ್ರಾಣ ಬಿಟ್ಟರು. ಇವತ್ತು ಹುಡುಕಿದರೆ ಹಲವು ಕಡೆ ಸಿಗೋದು ರಸ್ತೆಯಲ್ಲಿ ಹೂತಿಟ್ಟ ಎರಡು ಸಾಲು ಕಲ್ಲು. ಬೆರ್ನಾವರ್ ಬೀದಿಯಲ್ಲಿ ಗೋಡೆ ಇದ್ದ ಜಾಗದುದ್ದಕ್ಕೂ ತುಕ್ಕು ಬಣ್ಣದ ಕಬ್ಬಿಣದ ಕಂಬಿಗಳನ್ನು ನೆಟ್ಟಿದ್ದಾರೆ. ಕಂಬಿಗಳ ನಡುವೆ ಆರಾಮಾಗಿ ದಾಟಬಹುದು. ನಾನೂ ದಾಟಿದೆ. 28 ವರ್ಷ ಜನ ಮುಕ್ತವಾಗಿ ದಾಟಲಾಗದಿದ್ದ ಗೆರೆ ಅದು!

ಇಂಥಾ ಗೋಡೆ ಬಿದ್ದಿದ್ದು ಹೇಗೆ? ಬಂದೂಕಿನಿಂದಲ್ಲ. ಅದರ ಹಿಂದೆ ವಾರಗಟ್ಟಲೆ ಬೀದಿಗಿಳಿದ ಜನರ ಧೈರ್ಯವಿತ್ತು, ಮಾಸ್ಕೋದ ಬದಲಾದ ಧೋರಣೆಯಿತ್ತು. ಆದರೆ ಆ ರಾತ್ರಿಯೇ ಗೇಟು ತೆರೆದದ್ದಕ್ಕೆ ಕಾರಣ ಒಂದು ಪತ್ರಿಕಾಗೋಷ್ಠಿ. ಹೌದು, ನಾವು ದಿನಾ ನೋಡೋ ಅಂಥದ್ದೇ ಒಂದು ಪತ್ರಿಕಾಗೋಷ್ಠಿ!

1989ರ ನವೆಂಬರ್ 9. ಪೂರ್ವ ಜರ್ಮನಿಯ ಪಕ್ಷದ ನಾಯಕ ಗುಂಟರ್ ಶಾಬೋವ್ಸ್ಕಿ ಸಂಜೆ ಆರಕ್ಕೆ ಮೈಕ್ ಮುಂದೆ ಕೂತರು. ಮೊದಲು ಪಕ್ಷದ ಪತ್ರಿಕೆಗೆ ಸಂಪಾದಕರಾಗಿದ್ದವರು. ಅವರ ಕೈಯಲ್ಲಿ ಏಗಾನ್ ಕ್ರೆಂಟ್ಸ್ ಕೊಟ್ಟ ಒಂದು ಚೀಟಿ. ವಿದೇಶ ಪ್ರಯಾಣದ ಹೊಸ ನಿಯಮ ಅದರಲ್ಲಿತ್ತು. ಜನ ಅರ್ಜಿ ಹಾಕಬೇಕು, ವೀಸಾ ಪಡೀಬೇಕು, ಅದೆಲ್ಲ ಜಾರಿಯಾಗೋದು ಮರುದಿನ. ಅದನ್ನು ಚರ್ಚಿಸಿದಾಗ ಶಾಬೋವ್ಸ್ಕಿ ಇರಲಿಲ್ಲ. ಚೀಟಿಯನ್ನು ಸರಿಯಾಗಿ ಓದಿಯೂ ಇರಲಿಲ್ಲ. ಪತ್ರಕರ್ತರು ಕೇಳಿದರು: ಯಾವಾಗಿಂದ? ಅವರು ಹಾಳೆ ತಿರುವಿಹಾಕಿ, ನನಗೆ ಗೊತ್ತಿರೋ ಮಟ್ಟಿಗೆ ಈಗಿಂದೀಗಲೇ, ತಡವಿಲ್ಲದೆ ಅಂದುಬಿಟ್ಟರು. ಅದೂ ನೇರ ಪ್ರಸಾರದಲ್ಲಿ!

ಪೂರ್ವದ ಜನ ಪಶ್ಚಿಮದ ಟಿವಿ ನೋಡುತ್ತಿದ್ದರು. ರಾತ್ರಿ ಎಂಟರ ಬುಲೆಟಿನ್‌ನಲ್ಲಿ ಗಡಿ ತೆರೆದ ಸುದ್ದಿ ಬಂತು. ಜನ ಗೇಟುಗಳತ್ತ ಹೊರಟರು. ಹತ್ತೂವರೆ ದಾಟಿದ ಮೇಲೆ ಹಾನ್ಸ್ ಯೋಆಖಿಮ್ ಫ್ರೀಡ್ರಿಕ್ಸ್ ಎಂಬ ಹೆಸರಾಂತ ಆ್ಯಂಕರ್, ಗೋಡೆಯ ಗೇಟುಗಳು ಅಗಲವಾಗಿ ತೆರೆದಿವೆ ಎಂದು ಘೋಷಿಸಿದರು. ನಂತರ ಸ್ಥಳದಿಂದ ಬಂದ ದೃಶ್ಯದಲ್ಲಿ ವರದಿಗಾರನ ಹಿಂದಿನ ಗೇಟು ಇನ್ನೂ ಮುಚ್ಚಿತ್ತು! ಸುದ್ದಿ ಮೊದಲು ಬಂತು, ಘಟನೆ ಆಮೇಲೆ ನಡೀತು.

ಮೂರನೇ ದಿನ ನಾನು ಹೋಗಿದ್ದು ಬೋರ್ನ್‌ಹೋಲ್ಮರ್ ಬೀದಿಯ ಸೇತುವೆಗೆ. ಅಂದು ಅಲ್ಲಿ ಪಾಸ್‌ಪೋರ್ಟ್ ತಪಾಸಣೆಯ ಹೊಣೆ ಹೊತ್ತಿದ್ದವರು ಹರಾಲ್ಡ್ ಯೇಗರ್. ಮುಂದೆ ಸಾವಿರಾರು ಜನ, ಹಿಂದೆ ಶಸ್ತ್ರ ಹಿಡಿದ ಕಾವಲುಗಾರರು. ಮೇಲಧಿಕಾರಿಗಳಿಗೆ ಮತ್ತೆ ಮತ್ತೆ ಫೋನ್ ಮಾಡಿದರೂ ಸ್ಪಷ್ಟ ಉತ್ತರವಿಲ್ಲ. ಸುಮಾರು ಹನ್ನೊಂದೂವರೆಗೆ ಯೇಗರ್ ತಾವೇ ತೀರ್ಮಾನಿಸಿ ಗೇಟು ತೆರೆಸಿದರು. ಒಂದು ಗುಂಡೂ ಹಾರಲಿಲ್ಲ.

ಸೇತುವೆ ಮೇಲೆ ನಿಂತಾಗ ನನಗೆ ಖುಷಿಗಿಂತ ಹೆಚ್ಚಾಗಿ ಭಯವಾಯಿತು. ಒಬ್ಬ ಕಾವಲುಗಾರ ಗಾಬರಿಯಾಗಿ ಗುಂಡು ಹಾರಿಸಿದ್ದರೆ? ಆ ಹೆಣಗಳ ಲೆಕ್ಕ ಯಾರ ಖಾತೆಗೆ? ಚೀಟಿ ಓದದವರದ್ದಾ, ಕಾಯದೆ ಹೇಳಿದ ನಮ್ಮಂಥವರದ್ದಾ?

ನನ್ನ ಕಥೆಯೂ ಒಂದಿದೆ, ಹೇಳಿಬಿಡ್ತೀನಿ. ಒಂದು ಮಳೆಗಾಲದ ರಾತ್ರಿ, ಕೆರೆ ಏರಿ ಒಡೆದಿದೆ ಅನ್ನೋ ಸುದ್ದಿಯನ್ನು ಖಚಿತ ಮಾಡಿಕೊಳ್ಳದೆ ಓದಿಬಿಟ್ಟೆ. ಏರಿ ಒಡೆದಿರಲಿಲ್ಲ. ಆದರೆ ಜನ ಮಕ್ಕಳನ್ನು ಎತ್ತಿಕೊಂಡು ಕತ್ತಲಲ್ಲೇ ಊರು ಬಿಟ್ಟರು. ಯಾರಿಗೂ ಏನೂ ಆಗಲಿಲ್ಲ, ಅದು ನನ್ನ ಪುಣ್ಯ. ನಾನು ಕ್ಷಮೆ ಕೇಳಿದ್ದು ಮರುದಿನ, ಅದೂ ಒಂದೇ ಸಾಲಲ್ಲಿ.

ಫ್ರೀಡ್ರಿಕ್ಸ್ ಹೇಳಿದ್ದು ಒಂದು ಗಂಟೆಯೊಳಗೆ ನಿಜವಾಯಿತು, ಇತಿಹಾಸ ಅವರನ್ನು ಮೆಚ್ಚಿತು. ಆದರೆ ಅವರ ಮಾತನ್ನು ನಿಜ ಮಾಡಿದ್ದು ಸ್ಟುಡಿಯೋ ಅಲ್ಲ, ಗೇಟಿನ ಎರಡೂ ಬದಿ ತಾಳ್ಮೆ ಕಳೆದುಕೊಳ್ಳದ ಮನುಷ್ಯರು. ಪ್ರತಿ ಸಲವೂ ಗೇಟಿನಲ್ಲಿ ಒಬ್ಬ ಯೇಗರ್ ಇರ್ತಾನಾ? ಇರಲ್ಲ ಸ್ವಾಮಿ. ನೋಟ್‌ಬುಕ್‌ನ ಕೊನೆ ಪುಟದಲ್ಲಿ ಅದನ್ನೇ ಬರೆದುಕೊಂಡು ವಿಮಾನ ಹತ್ತಿದೆ. ಈಗ ಬುಲೆಟಿನ್‌ಗೆ ಕೂರುವ ಮುನ್ನ ಆ ಪುಟವನ್ನು ಒಮ್ಮೆ ತೆರೆದು ನೋಡ್ತೀನಿ.