ವೋಲ್ಟಿನ ಗೆರೆ ಎಳೆದವರು ಯಾರು?

ಅಂಬಿಕಾನಗರದ ನಾಗಝರಿ ವಿದ್ಯುದಾಗಾರ ಹಳಿಯಾಳ, ದಾಂಡೇಲಿ ಕಡೆಯವರಿಗೆ ಗೊತ್ತೇ ಇದೆ. ಅಲ್ಲಿನ ಯಂತ್ರಗಳು ಮೊದಲು ತಲಾ 135 ಮೆಗಾವಾಟ್‌ನವು. ಮುಂದೆ ಅವನ್ನು 150ಕ್ಕೆ ಏರಿಸಿದರು. ಹೀಗೆ ಏರಿಸುವಾಗ ಬರುವ ದೊಡ್ಡ ಪ್ರಶ್ನೆ ಒಂದೇ: ಒಳಗಿನ ಸುರುಳಿ ಎಷ್ಟು ಬಿಸಿ ತಡೆದೀತು? ಮನೆಯ ಕಂಪ್ಯೂಟರ್‌ನ ಪ್ರೊಸೆಸರ್ ಓವರ್‌ಕ್ಲಾಕ್ ಮಾಡುವವರ ಮುಂದೂ ಇದೇ ಪ್ರಶ್ನೆ ನೋಡ್ರಿ.

1978ರ ಇಂಟೆಲ್ 8086 ಓಡುತ್ತಿದ್ದದ್ದು 5 ವೋಲ್ಟ್‌ನಲ್ಲಿ. ಟ್ರಾನ್ಸಿಸ್ಟರ್ ಸಣ್ಣದಾದಂತೆ ವೋಲ್ಟೇಜ್ ಇಳಿಯಿತು. 1998ರ ಸೆಲೆರಾನ್ 300ಎ ಬಂದಾಗ ಅದು 2 ವೋಲ್ಟ್. ಆ ಚಿಪ್ಪಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಒಯ್ದರೆ 300ರ ಚಿಪ್ 450ರಲ್ಲಿ ಓಡುತ್ತಿತ್ತು. ಕಡಿಮೆ ದುಡ್ಡಿಗೆ ದುಬಾರಿ ಚಿಪ್ಪಿನ ವೇಗ! ಅಲ್ಲಿಂದ ಎಲ್ಲರಿಗೂ ಧೈರ್ಯ ಬಂತು.

ಆ ಧೈರ್ಯಕ್ಕೆ ಪೆಟ್ಟು ಬಿದ್ದದ್ದು 2002ರ ಪೆಂಟಿಯಂ 4 ನಾರ್ತ್‌ವುಡ್‌ನಲ್ಲಿ. 1.5 ವೋಲ್ಟ್‌ನ ಆ ಚಿಪ್ಪಿಗೆ 1.7ಕ್ಕಿಂತ ಹೆಚ್ಚು ಕೊಟ್ಟವರು, ತಂಪಾಗೇ ಇದ್ದರೂ ಕೆಲವೇ ತಿಂಗಳಲ್ಲಿ ಅದು ಸತ್ತುಹೋಯಿತು ಅಂತ ಹೇಳತೊಡಗಿದರು.

ಯಾಕೆ ಹೀಗೆ? ವೋಲ್ಟೇಜ್ ಏರಿದರೆ ವಿದ್ಯುತ್ ಖರ್ಚು ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. 1.2ರಿಂದ 1.4ಕ್ಕೆ ಹೋದರೆ, ವೇಗ ಹೆಚ್ಚಿಸದಿದ್ದರೂ, ಸುಮಾರು ಶೇ 36 ಹೆಚ್ಚು. ಜೊತೆಗೆ ಕರೆಂಟಿನ ಹರಿವು ತಂತಿಯ ಲೋಹದ ಅಣುಗಳನ್ನೇ ನಿಧಾನಕ್ಕೆ ತಳ್ಳಿಕೊಂಡು ಹೋಗುತ್ತದೆ, ಹೊಳೆ ದಂಡೆ ಕೊರೆದ ಹಾಗೆ. ಇದಕ್ಕೆ ಎಲೆಕ್ಟ್ರೋಮೈಗ್ರೇಶನ್ ಅಂತಾರೆ. ಹೆಚ್ಚು ವೋಲ್ಟೇಜ್ ಟ್ರಾನ್ಸಿಸ್ಟರಿನ ತೆಳು ನಿರೋಧಕ ಪದರವನ್ನೂ ಸವೆಸುತ್ತದೆ. ಹಾಗಾಗಿ ತಾಪಮಾನ ಸರಿ ಇದೆ ಅಂದಮಾತ್ರಕ್ಕೆ ಚಿಪ್ ಕ್ಷೇಮ ಅಂತಲ್ಲ.

ಇತ್ತೀಚಿನ ಎರಡು ಘಟನೆ ಇನ್ನೂ ಪಾಠ ಹೇಳುತ್ತವೆ. 2023ರಲ್ಲಿ ಕೆಲವು ರೈಜನ್ 7000 ಚಿಪ್‌ಗಳು ಸುಟ್ಟವು. ಎಎಂಡಿ ಎಸ್‌ಒಸಿ ವೋಲ್ಟೇಜನ್ನು 1.3ಕ್ಕೆ ಕಟ್ಟಿಹಾಕಿತು. 2024ರ ಆಗಸ್ಟ್‌ನಲ್ಲಿ ಇಂಟೆಲ್ ತನ್ನ 13, 14ನೇ ಪೀಳಿಗೆಯ ಚಿಪ್‌ಗಳು 1.55 ವೋಲ್ಟ್ ಮೀರಿ ಕೇಳದಂತೆ ಮೈಕ್ರೋಕೋಡ್ ಬದಲಿಸಿತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಈ ಎರಡರಲ್ಲೂ ಓವರ್‌ಕ್ಲಾಕ್ ಮಾಡದವರ ಚಿಪ್ಪೂ ಹಾಳಾಗಿತ್ತು. ಅಂದರೆ ಗೆರೆ ಎಳೆದದ್ದು ಮೊದಲಲ್ಲ, ಚಿಪ್‌ಗಳು ಸತ್ತ ಮೇಲೆ.

ಹಳಿಯಾಳದಲ್ಲಿ ಡಿಟಿಪಿ ಅಂಗಡಿ ಇಟ್ಟವರಿಗೆ ಇದು ಬರೀ ಹವ್ಯಾಸದ ಮಾತಲ್ಲ. ಚಿಪ್ ಹೋದರೆ ಅವತ್ತಿನ ದುಡಿಮೆಯೂ ಹೋಯಿತು. ಗೋಡೆಯ ಪ್ಲಗ್ಗಿಗೆ ಹಾಕಿದ ಸ್ಟೆಬಿಲೈಜರ್ ಇದನ್ನು ತಡೆಯೋದಿಲ್ಲ, ಯಾಕಂದ್ರೆ ಈ ಒಂದೂಕಾಲು ವೋಲ್ಟ್ ತಯಾರಾಗುವುದು ಮದರ್‌ಬೋರ್ಡಿನಲ್ಲಿ. ಆದ್ದರಿಂದ ಬಯಾಸ್ ಹೊಸದು ಮಾಡಿಕೊಳ್ಳಿ, ‘ಆಟೋ’ ಅಂತ ಇರುವುದನ್ನೂ ಕಣ್ಣುಮುಚ್ಚಿ ನಂಬಬೇಡಿ, ಕೆಲಸದ ಹೊರೆ ಇರುವಾಗ ವೋಲ್ಟೇಜ್ ಓದಿ ನೋಡಿ. ಒಂದು ಚಿಪ್ಪಿಗೆ ಒಗ್ಗಿದ ಅಂಕಿ ಇನ್ನೊಂದಕ್ಕೆ ಒಗ್ಗುತ್ತದೆ ಅಂತ ತಿಳಿಯಬೇಡಿ.