ಕೀನ್ಯಾದ ಎರಡು ವರ್ಷದ ಗಡುವು

1963ರ ಡಿಸೆಂಬರ್ 12ರಂದು ಕೀನ್ಯಾ ಸ್ವತಂತ್ರವಾಯಿತು. ಅಲ್ಲಿ ನೆಲೆಸಿದ್ದ ಸುಮಾರು 1,80,000 ಏಷ್ಯನ್ನರಲ್ಲಿ ಗುಜರಾತಿಗಳು, ಪಂಜಾಬಿಗಳೇ ಹೆಚ್ಚು; ಗೋವಾದವರೂ ಇದ್ದರು. ಕೀನ್ಯಾದಲ್ಲೇ ಹುಟ್ಟಿ, ತಂದೆ ಅಥವಾ ತಾಯಿಯೂ ಅಲ್ಲೇ ಹುಟ್ಟಿದ್ದವರಿಗೆ ಪೌರತ್ವ ತಾನಾಗಿ ದಕ್ಕಿತು. ಉಳಿದವರು ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು, ಬ್ರಿಟಿಷ್ ಪೌರತ್ವ ಬಿಟ್ಟುಕೊಡಬೇಕಿತ್ತು.

ಗಡುವು ಮುಗಿದಾಗ ಅರ್ಜಿ ಹಾಕಿದ್ದವರು 20,000ದ ಆಸುಪಾಸು.

ಉಂಡ ಮನೆಯ ಮೇಲೆ ಇವರಿಗೆ ಅಭಿಮಾನವಿಲ್ಲ ಎಂಬ ದೂರು ಆಗಲೇ ಎದ್ದಿತು. ಅದು ನ್ಯಾಯವಾದ ಮಾತಲ್ಲ. ಸ್ವಾತಂತ್ರ್ಯ ಬಂದ ಮರುತಿಂಗಳೇ ನೆರೆಯ ಜಂಜಿಬಾರ್‌ನ ಕ್ರಾಂತಿಯಲ್ಲಿ ಅರಬರ ಜೊತೆ ಏಷ್ಯನ್ನರೂ ಹತರಾಗಿದ್ದರು. ಹಳ್ಳಿಯಲ್ಲಿ ದುಕಾನು ಇಟ್ಟು ಬದುಕುತ್ತಿದ್ದವನು ಅದನ್ನು ಕೇಳಿಯೂ ಕೈಯಲ್ಲಿದ್ದ ಬ್ರಿಟಿಷ್ ಪಾಸ್‌ಪೋರ್ಟನ್ನು ಹೇಗೆ ಬಿಟ್ಟಾನು? ಅನೇಕ ಮನೆಗಳು ಅಪಾಯವನ್ನು ಹಂಚಿಕೊಂಡವು: ಒಬ್ಬ ಮಗ ಕೀನ್ಯಾದ ಪೌರನಾದ, ಇನ್ನೊಬ್ಬ ಬ್ರಿಟಿಷ್ ಪಾಸ್‌ಪೋರ್ಟ್ ಉಳಿಸಿಕೊಂಡ.

ಹಿಂದೆಮುಂದೆ ನೋಡದೆ ಆಫ್ರಿಕಾವನ್ನೇ ತಮ್ಮದೆಂದುಕೊಂಡವರೂ ಇದ್ದರು. ನೈರೋಬಿಯಲ್ಲಿ ಹುಟ್ಟಿದ ಗೋವಾ ಮೂಲದ ಪಿಯೊ ಗಾಮಾ ಪಿಂಟೊ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಕೀನ್ಯಾದ ಹೋರಾಟಕ್ಕಿಳಿದು ಬ್ರಿಟಿಷರ ಸೆರೆಯಲ್ಲಿ ವರ್ಷಗಳನ್ನು ಕಳೆದು, ಮುಂದೆ ಸಂಸದರಾದರು. 1965ರ ಫೆಬ್ರವರಿಯಲ್ಲಿ ನೈರೋಬಿಯ ತಮ್ಮ ಮನೆಯ ಬಳಿಯೇ ಗುಂಡಿಗೆ ಬಲಿಯಾದರು. ಅವರ ಸಾವು ಗಡುವಿನ ಕೊನೆಯ ವರ್ಷದಲ್ಲಿ ಆಯಿತು ಎಂಬುದನ್ನು ಮರೆಯಬಾರದು.

1967ರಲ್ಲಿ ಕೀನ್ಯಾ ಎರಡು ಕಾನೂನು ತಂದಿತು. ಪೌರರಲ್ಲದವರಿಗೆ ಕೆಲಸಕ್ಕೆ ಪರ್ಮಿಟ್ ಬೇಕಾಯಿತು. ವ್ಯಾಪಾರಕ್ಕೆ ಲೈಸೆನ್ಸಿನ ಕಟ್ಟುಪಾಡು ಬಂತು. ಜನ ಲಂಡನ್ನಿನ ವಿಮಾನ ಹತ್ತತೊಡಗಿದರು. ಆಗ ಬ್ರಿಟನ್ ತನ್ನದೇ ಪಾಸ್‌ಪೋರ್ಟಿಗೆ ಬಾಗಿಲು ಹಾಕಿತು. ಗೃಹ ಸಚಿವ ಜೇಮ್ಸ್ ಕ್ಯಾಲಹನ್ ಮಂಡಿಸಿದ ಮಸೂದೆ ಕೇವಲ ಮೂರು ದಿನಗಳಲ್ಲಿ ಪಾರ್ಲಿಮೆಂಟು ದಾಟಿ, 1968ರ ಮಾರ್ಚ್ 1ರಂದು ಜಾರಿಯಾಯಿತು. ತಂದೆತಾಯಿಯೋ ಅಜ್ಜ ಅಜ್ಜಿಯೋ ಬ್ರಿಟನ್ನಿನಲ್ಲಿ ಹುಟ್ಟಿದ್ದವರಿಗೆ ಅಡ್ಡಿಯಿಲ್ಲ, ಅಂದರೆ ಬಿಳಿಯರಿಗೆ ತೊಂದರೆಯಿಲ್ಲ. ಉಳಿದವರಿಗೆ ವರ್ಷಕ್ಕೆ 1,500 ವೋಚರುಗಳು, ಒಂದೊಂದು ಕುಟುಂಬಕ್ಕೆ ಒಂದು. ಎಚ್ಚರಿಕೆಯಿಂದ ಲೆಕ್ಕ ಹಾಕಿ ಕಾದವರಿಗೂ ಆ ಪಾಸ್‌ಪೋರ್ಟ್ ಪ್ರವೇಶದ ಹಕ್ಕಾಗಿ ಉಳಿಯಲಿಲ್ಲ. ಅರ್ಜಿ ಹಾಕದವರನ್ನು ದೂಷಿಸುವವರು ಈ ದ್ರೋಹವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬ್ರಿಟನ್ನಿನ ಆ ಕಾನೂನು ಜನಾಂಗದ ಆಧಾರದಲ್ಲಿ ಮನುಷ್ಯರನ್ನು ಅವಮಾನಿಸಿತೆಂದು ಯುರೋಪಿನ ಮಾನವ ಹಕ್ಕುಗಳ ಆಯೋಗ 1973ರಲ್ಲಿ ಹೇಳಿತು. ಬೇರೆ ಪೌರತ್ವವಿಲ್ಲದೆ ಉಳಿದವರಿಗೆ ಪೂರ್ಣ ಬ್ರಿಟಿಷ್ ಪೌರತ್ವದ ದಾರಿ ತೆರೆದದ್ದು 2002ರ ಕಾನೂನು. ಕೀನ್ಯಾದಲ್ಲಿ ಎರಡು ದೇಶಗಳ ಪೌರತ್ವವನ್ನು ಒಟ್ಟಿಗೆ ಇಟ್ಟುಕೊಳ್ಳಲು 2010ರ ಸಂವಿಧಾನ ಅವಕಾಶ ಕೊಟ್ಟಿತು.